ತುಕ್ಕಿಗಿಂತ ಮೊದಲು ನೀರನ್ನು ಹುಡುಕಿ

ಮನೆಯ ಯಂತ್ರಗಳು: ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ತುಕ್ಕಿನ ದೂರೇ ಹೆಚ್ಚು. ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡು ಸರಿಯಾಗಿ ಒಣಗುವುದೇ ಇಲ್ಲ. ಮೇಲೆ ಸಮುದ್ರದ ಉಪ್ಪು ಗಾಳಿ ಬೇರೆ. ಹಾಗಾಗಿ ಈ ಸಂಚಿಕೆಯ ಜಾಗವನ್ನೆಲ್ಲ ತುಕ್ಕಿಗೇ ಬಿಟ್ಟಿದ್ದೇನೆ. ಠಾಣೆಯ ಕಾರ್ಖಾನೆಯೊಂದರ ಪೇಂಟ್ ಶಾಪಿನಲ್ಲಿ ತಗಡಿಗೆ ಬಣ್ಣ ಹಿಡಿಸುವ ಕೆಲಸದಲ್ಲೇ ನನ್ನ ನೌಕರಿ ಮುಗಿದದ್ದು. ಅಲ್ಲಿ ಕೈಗೆ ಹತ್ತಿದ್ದನ್ನು ಮನೆಯ ಅಳತೆಗೆ ಇಳಿಸಿ ಹೇಳುತ್ತೇನೆ.

ಪ್ರಶ್ನೆ: ಆರು ವರ್ಷದ ಹಿಂದೆ ಕೊಂಡ ಟಾಪ್ ಲೋಡ್ ವಾಷಿಂಗ್ ಮಶಿನ್ ನಮ್ಮ ಬಾತ್‌ರೂಮಿನ ಮೂಲೆಯಲ್ಲಿದೆ. ಕೆಳಗಿನ ಎಡಮೂಲೆಯಲ್ಲಿ ಬಣ್ಣ ಗುಳ್ಳೆಯೆದ್ದು ಉದುರುತ್ತಿದೆ, ಟೈಲ್ಸ್ ಮೇಲೆ ಕಂದು ಕಲೆ ಬಿದ್ದಿದೆ. ಬಟ್ಟೆ ಮಾತ್ರ ಚೆನ್ನಾಗಿಯೇ ಒಗೆಯುತ್ತದೆ. ಮೆಕ್ಯಾನಿಕ್ ‘ಬಾಡಿ ಹೋಗಿದೆ, ಹೊಸದು ತಗೊಳ್ಳಿ’ ಎಂದ. ಮಗ ಸ್ಪ್ರೇ ಪೇಂಟ್ ತಂದಿಟ್ಟಿದ್ದಾನೆ. ಆ ಜಾಗಕ್ಕೆ ಹೊಡೆದುಬಿಟ್ಟರೆ ಸಾಕಲ್ಲವೇ?
— ಗೃಹಿಣಿ, ವರ್ಸೋವಾ

ಉತ್ತರ: ಅಮ್ಮ, ಸ್ಪ್ರೇ ಡಬ್ಬಿಯನ್ನು ಸದ್ಯಕ್ಕೆ ಕಪಾಟಿನಲ್ಲೇ ಇಡಿಸಿ. ಮಶಿನನ್ನು ಮಾರುವ ಯೋಚನೆಯನ್ನೂ ಬಿಡಿ. ಮೋಟಾರು, ಡ್ರಮ್ಮು ಸರಿಯಿದ್ದು ಬರೀ ಹೊರಗಿನ ತಗಡು ಕೆಟ್ಟಿದ್ದರೆ ಆ ಯಂತ್ರಕ್ಕೆ ಇನ್ನೂ ಆಯುಷ್ಯವಿದೆ.

ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ಇದನ್ನು ಬಿಟ್ಟು ಎಂಥ ದುಬಾರಿ ಬಣ್ಣ ಬಳಿದರೂ ಮುಂದಿನ ಮಳೆಗಾಲಕ್ಕೆ ಅದೇ ಗುಳ್ಳೆ ಅದೇ ಜಾಗದಲ್ಲಿ ಏಳುತ್ತದೆ. ಮಶಿನಿನ ಸುತ್ತ, ಕೈ ಹೋಗುವಷ್ಟು ಅಡಿಯಲ್ಲೂ, ನೆಲ ಒರೆಸಿ ಒಣ ದಿನಪತ್ರಿಕೆ ಹಾಸಿ. ಒಂದು ಸಲ ಪೂರ್ತಿ ಒಗೆತ ಮುಗಿಯಲಿ. ಹಿಂದುಗಡೆ ಮೇಲಿನಿಂದ ಒದ್ದೆಯಾದರೆ ನೀರು ಬರುವ ಪೈಪಿನ ರಬ್ಬರ್ ವಾಷರ್ ಸವೆದಿರುತ್ತದೆ. ನೀರು ಹೊರಗೆ ಬಿಡುವಾಗ ಮಾತ್ರ ಒದ್ದೆಯಾದರೆ ಡ್ರೇನ್ ಪೈಪಿನ ಕ್ಲಿಪ್ ಸಡಿಲವಾಗಿರಬಹುದು, ಪೈಪೇ ಸೀಳಿರಬಹುದು. ಪತ್ರಿಕೆ ಒಣಗಿಯೇ ಉಳಿದರೆ ನೀರು ಹೊರಗಿನದ್ದು: ಸ್ನಾನದ ಎರಚಲು, ನೆಲ ತೊಳೆಯುವಾಗ ಚೊಂಬಿನಿಂದ ಚೆಲ್ಲುವ ನೀರು.

ಇನ್ನೊಂದು ಪ್ರಶ್ನೆಯನ್ನು ನಾನೇ ಕೇಳುತ್ತೇನೆ. ಅದೇ ಬಾತ್‌ರೂಮಿನಲ್ಲಿ ಕಮೋಡಿಗೆ ಆ್ಯಸಿಡ್ ಹಾಕುತ್ತೀರಾ? ನಮ್ಮಲ್ಲಿ ಸಿಗುವ ಬಹುಪಾಲು ಟಾಯ್ಲೆಟ್ ಕ್ಲೀನರ್‌ಗಳಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದರ ಹಬೆ ಮುಚ್ಚಿದ ಬಾತ್‌ರೂಮಿನಲ್ಲಿ ತಗಡಿನ ಮೇಲೆ ಕೂತು ತುಕ್ಕನ್ನು ಕೆರಳಿಸುತ್ತದೆ. ಸ್ಟೀಲ್ ನಲ್ಲಿಯನ್ನೂ ಬಿಡುವುದಿಲ್ಲ. ಆ್ಯಸಿಡ್ ಹಾಕಿದ ದಿನ ಕಿಟಕಿ ತೆರೆದಿಡಿ, ಎಕ್ಸಾಸ್ಟ್ ಫ್ಯಾನ್ ಓಡಲಿ, ಆಮೇಲೆ ಮಶಿನಿನ ಮೈಯನ್ನು ಸಾದಾ ನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ. ಆ್ಯಸಿಡನ್ನೂ ಬ್ಲೀಚನ್ನೂ ಯಾವತ್ತೂ ಸೇರಿಸಬೇಡಿ, ಹುಟ್ಟುವುದು ಕ್ಲೋರಿನ್ ಅನಿಲ, ಅದು ಪ್ರಾಣಕ್ಕೇ ಅಪಾಯ.

ನೀರು ನಿಂತಿತು ಅನ್ನೋಣ. ಇನ್ನು ತಗಡಿನ ಕೆಲಸ. ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ಒಳಗಿನ ನೀರು ಬಿಟ್ಟು ಮಶಿನನ್ನು ಒಣ ಜಾಗಕ್ಕೆ ತನ್ನಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗಿರಬೇಕು. ಹಿಂಬದಿಯ ಮುಚ್ಚಳ ಬಿಚ್ಚಬೇಡಿ. ಒಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯಬಲ್ಲದು.

ಈಗ ಸ್ಕ್ರೂಡ್ರೈವರಿನ ತುದಿಯಿಂದ ತುಕ್ಕಿನ ಜಾಗವನ್ನು ಹಗುರವಾಗಿ ಒತ್ತಿ ನೋಡಿ. ಪುಡಿ ಉದುರಿ ಕೆಳಗೆ ಗಟ್ಟಿ ಲೋಹ ತಾಗಿದರೆ ಕೆಲಸ ಸುಲಭ. ತುದಿ ಒಳಕ್ಕೆ ಇಳಿದರೆ ತೂತಾಗಿದೆ ಎಂದರ್ಥ. ಸಣ್ಣ ತೂತಾದರೆ ಚಿಂತೆಯಿಲ್ಲ, ಸುತ್ತಲೂ ಹೊಳೆಯುವ ಲೋಹ ಕಾಣುವಷ್ಟು ಕೆರೆದು ಎಂ-ಸೀಲ್‌ನಂಥ ಎಪಾಕ್ಸಿ ಪುಟ್ಟಿ ತುಂಬಬಹುದು. ಆದರೆ ಮಶಿನಿನ ಕಾಲು ಕೂತಿರುವ ಮೂಲೆಯೇ ಮೆತ್ತಗಾಗಿದ್ದರೆ ಪುಟ್ಟಿ ಕೆಲಸಕ್ಕೆ ಬಾರದು. ತುಂಬಿದ ಟಬ್ಬು ಗಿರಗಿರನೆ ತಿರುಗುವಾಗ ಅದರ ಭಾರವನ್ನೆಲ್ಲ ಆ ಮೂಲೆ ಹೊರಬೇಕು. ಅಂಥಲ್ಲಿ ಅಡಿಪಟ್ಟಿಯನ್ನೇ ಬದಲಿಸಬೇಕು, ಆಗ ಮೆಕ್ಯಾನಿಕನ ಮಾತೇ ಸರಿ.

ಕೆರೆಯುವ ಮೊದಲು ತೊಳೆಯಬೇಕು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ವರ್ಸೋವಾದಂಥ ಕಡೆ ತಗಡಿನ ಮೇಲೆ ಕಣ್ಣಿಗೆ ಕಾಣದ ಉಪ್ಪು ಕೂತಿರುತ್ತದೆ. ಒಣಗಿದ್ದಾಗಲೇ ಉಜ್ಜಿದರೆ ಅದು ಲೋಹದ ಸಣ್ಣ ಕುಳಿಗಳೊಳಗೆ ಸೇರಿಕೊಂಡು, ಬಣ್ಣದ ಕೆಳಗೇ ತೇವವನ್ನು ಎಳೆದುಕೊಳ್ಳುತ್ತದೆ. ಸಾದಾ ನೀರಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ, ಬಟ್ಟೆ ಬದಲಿಸುತ್ತಾ ಒರೆಸಿ, ಹೇರ್ ಡ್ರೈಯರ್‌ನಿಂದ ಪೂರ್ತಿ ಒಣಗಿಸಿ.

ಆಮೇಲೆ ಎಮರಿ ಪೇಪರ್. ಮೊದಲು 80 ನಂಬರಿನದ್ದು, ನಂತರ 150, ಕೊನೆಗೆ 320. ಡ್ರಿಲ್ಲಿಗೆ ಚಕ್ರ ಹಾಕಿ ಉಜ್ಜುವ ಆಸೆ ಬೇಡ. ಈ ತಗಡು ಒಂದು ಮಿಲಿಮೀಟರಿಗಿಂತಲೂ ತೆಳು, ಕಣ್ಣು ಮಿಟುಕಿಸುವಷ್ಟರಲ್ಲಿ ತೂತು ಬೀಳುತ್ತದೆ. ಎಲ್ಲಿಯವರೆಗೆ ಉಜ್ಜಬೇಕು? ಗುಳ್ಳೆ ಕಂಡಷ್ಟಕ್ಕೆ ನಿಲ್ಲಿಸಬಾರದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಅದಕ್ಕೇ ಬಣ್ಣವನ್ನು ಎತ್ತಿ ಗುಳ್ಳೆಯಾಗಿಸುತ್ತದೆ, ಎತ್ತಿದ ಬಣ್ಣದ ಅಡಿಯಲ್ಲಿ ಸದ್ದಿಲ್ಲದೆ ಸುತ್ತಲೂ ಹರಡಿರುತ್ತದೆ. ಗಟ್ಟಿಯಾಗಿ ಅಂಟಿದ ಬಣ್ಣ ಸಿಗುವವರೆಗೆ ಹೋಗಿ, ಅಲ್ಲಿಂದ ಇನ್ನೂ ಒಂದು ಬೆರಳಿನಷ್ಟು ಮುಂದಕ್ಕೆ ಉಜ್ಜಿ. ಹಳೆಯ ಬಣ್ಣದ ಅಂಚು ಬೆರಳಿಗೆ ಮೆಟ್ಟಿಲಿನಂತೆ ತಗುಲಬಾರದು. ನಿಮ್ಮ ಮಗನ ಸ್ಪ್ರೇಗೆ ಈಗಲೇ ಅವಸರ ಮಾಡಿದರೆ ಅದು ಹುಳುಕು ತೆಗೆಯದೆ ಹಲ್ಲಿಗೆ ಸಿಮೆಂಟ್ ತುಂಬಿದ ಹಾಗೆ.

ಎಷ್ಟು ಉಜ್ಜಿದರೂ ಕುಳಿಗಳಲ್ಲಿ ಕಪ್ಪು ಚುಕ್ಕೆ ಉಳಿಯುತ್ತದೆ. ಅದಕ್ಕೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಇದೇ ಹೆಸರಿನಲ್ಲಿ ಕೇಳಿ. ಹತ್ತಿರ ಸಿಗದಿದ್ದರೆ ಮಸ್ಜಿದ್ ಬಂದರ್ ಕಡೆ ಹೋದಾಗ ನಾಗದೇವಿ ಸ್ಟ್ರೀಟಿನಲ್ಲಿ ವಿಚಾರಿಸಿ, ಎಮರಿ, ಬ್ರಷ್ ಎಲ್ಲ ಅಲ್ಲಿ ಸಿಗುತ್ತದೆ. ಈ ದ್ರವ ಉಳಿದ ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಮಾರ್ಪಡಿಸುತ್ತದೆ. ಅದು ಗಟ್ಟಿಯಾಗಿ ಕೂರುತ್ತದೆ, ಬಣ್ಣಕ್ಕೆ ಮೊದಲು ಹಚ್ಚುವ ತಳಪದರವನ್ನೂ, ಅಂದರೆ ಪ್ರೈಮರನ್ನೂ, ಹಿಡಿದುಕೊಳ್ಳುತ್ತದೆ. ನಮ್ಮ ಪೇಂಟ್ ಶಾಪಿನಲ್ಲಿ ಹೊಸ ತಗಡನ್ನೂ ಸಾಲು ತೊಟ್ಟಿಗಳಲ್ಲಿ ಅದ್ದಿ, ಜಿಡ್ಡು ತೆಗೆದು, ತೊಳೆದು, ಫಾಸ್ಫೇಟ್ ಹತ್ತಿಸಿ ಆಮೇಲೆಯೇ ಪೌಡರ್ ಕೋಟಿಂಗ್‌ಗೆ, ಅಂದರೆ ಪುಡಿಬಣ್ಣ ಸಿಂಪಡಿಸಿ ಕಾಯಿಸಿ ಹಿಡಿಸಲು, ಕಳಿಸುತ್ತಿದ್ದೆವು. ಸೆವೆನ್ ಟ್ಯಾಂಕ್ ಎಂದು ಅದಕ್ಕೆ ಕರೆಯುತ್ತಿದ್ದುದು. ಬಣ್ಣ ಬಾಳುವುದು ಆ ತೊಟ್ಟಿಗಳಲ್ಲಿ ನಡೆದ ಕೆಲಸದಿಂದ. ನಿಮ್ಮ ಮನೆಯಲ್ಲಿ ಎಮರಿ ಮತ್ತು ಕನ್ವರ್ಟರ್ ಸೇರಿ ಅದೇ ಕೆಲಸ ಮಾಡುತ್ತವೆ. ಕೈಗವಸು ಹಾಕಿ, ಕಣ್ಣಿಗೆ ಕನ್ನಡಕವಿರಲಿ, ತುಕ್ಕಿದ್ದಲ್ಲಿಗೆ ಮಾತ್ರ ಹಚ್ಚಿ. ಎಷ್ಟು ಹೊತ್ತು ಬಿಡಬೇಕು, ತೊಳೆಯಬೇಕೋ ಬೇಡವೋ ಎಂಬುದು ಬಾಟಲಿಯ ಮೇಲೆ ಬರೆದಿರುತ್ತದೆ, ಹಾಗೆಯೇ ಮಾಡಿ.

ಒಣಗಿದ ಮೇಲೆ ಥಿನ್ನರ್ ಹಾಕಿದ ಬಿಳಿ ಬಟ್ಟೆಯಿಂದ ಒಮ್ಮೆ ಒರೆಸಿ, ಅಲ್ಲಿಂದ ಮುಂದೆ ಬರಿಗೈ ತಾಗಿಸಬೇಡಿ. ಬೆವರಿನಲ್ಲೂ ಉಪ್ಪಿದೆ. ಮಶಿನಿನ ತಗಡಿಗೆ ಸತುವಿನ ಲೇಪವಿರಬಹುದು. ಸತುವಿನ ಮೇಲೆ ನೇರವಾಗಿ ಸಾದಾ ಎನಾಮೆಲ್ ಹಚ್ಚಿದರೆ ಕೆಲಕಾಲದಲ್ಲಿ ಹಾಳೆಹಾಳೆಯಾಗಿ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಎಪಾಕ್ಸಿ ಪ್ರೈಮರನ್ನೇ ತನ್ನಿ, ಅದು ಕಬ್ಬಿಣಕ್ಕೂ ಸತುವಿಗೂ ಹೊಂದುತ್ತದೆ. ರೆಡ್ ಆಕ್ಸೈಡ್ ಪ್ರೈಮರ್ ಅಗ್ಗ, ಗ್ರಿಲ್ಲಿಗೆ ಗೇಟಿಗೆ ಒಳ್ಳೆಯದು, ಮಶಿನಿಗೆ ನಾನು ಹೇಳುವುದಿಲ್ಲ.

ಪ್ರೈಮರ್ ಹಚ್ಚುವಾಗ ಮೊದಲು ಅಂಚು. ತಗಡಿನ ಚೂಪು ಅಂಚಿನಿಂದ ಹಸಿ ಬಣ್ಣ ಎರಡೂ ಬದಿಗೆ ಹಿಂದೆ ಸರಿಯುತ್ತದೆ, ಪದರ ತೀರಾ ತೆಳುವಾಗುವುದು ಅಲ್ಲಿಯೇ, ತುಕ್ಕು ಶುರುವಾಗುವುದೂ ಅಲ್ಲಿಂದಲೇ. ಸಣ್ಣ ಬ್ರಷ್‌ನಿಂದ ಅಂಚಿಗೆ, ಮಡಿಕೆಗೆ, ಸ್ಕ್ರೂ ತೂತಿನ ಸುತ್ತ ಒಂದು ಕೈ ಹಚ್ಚಿ ಒಣಗಲು ಬಿಡಿ. ಆಮೇಲೆ ಇಡೀ ಜಾಗಕ್ಕೆ ತೆಳ್ಳಗೆ ಎರಡು ಕೈ. ತಳದ ಒಳಮಡಿಕೆಗೂ ಬ್ರಷ್ ಹೋಗಬೇಕು, ನೀರು ಕೂರುವುದು ಅಲ್ಲೇ. ಅರ್ತಿಂಗ್ ವೈರ್ ಕೂತಿರುವ ಸ್ಕ್ರೂವಿಗೆ ಮಾತ್ರ ಬಣ್ಣ ಸೋಕಿಸಬೇಡಿ, ಮೊದಲೇ ಟೇಪ್ ಅಂಟಿಸಿ ಮುಚ್ಚಿ. ವೈರಿಗೂ ತಗಡಿಗೂ ನಡುವೆ ಬಣ್ಣ ಕೂತರೆ ವಿದ್ಯುತ್ ಸೋರಿದ ದಿನ ಅದು ಹರಿದುಹೋಗಲು ದಾರಿಯಿರುವುದಿಲ್ಲ. ತಳದಲ್ಲಿ ನೀರು ಇಳಿಯಲು ಬಿಟ್ಟ ತೂತುಗಳನ್ನೂ ಮುಚ್ಚಬೇಡಿ.

ಕೊನೆಗೆ ನಿಮ್ಮ ಮಗನ ಸ್ಪ್ರೇ. ಒಂದೇ ಸಲ ದಪ್ಪಗೆ ಬೇಡ, ತೆಳ್ಳಗೆ ಮೂರು ಸಲ, ಪ್ರತಿ ಸಲವೂ ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು. ಮುಟ್ಟಿದರೆ ಅಂಟದಿದ್ದ ಮಾತ್ರಕ್ಕೆ ಬಣ್ಣ ಒಣಗಿತು ಅಂದುಕೊಳ್ಳಬೇಡಿ, ಒಳಗೆ ಗಟ್ಟಿಯಾಗಲು ಒಂದು ವಾರ ಕೊಡಿ. ಅಷ್ಟು ದಿನ ಮಶಿನ್ ಬಾತ್‌ರೂಮಿಗೆ ಹೋಗಬಾರದು. ಕಷ್ಟ ಎಂದು ನನಗೆ ಗೊತ್ತು, ಆದರೂ ಕಾಯಿರಿ.

ಹವಾಮಾನವನ್ನೂ ನೋಡಿಕೊಳ್ಳಿ. ಗಾಳಿಯ ತೇವಾಂಶ ಶೇಕಡಾ 85 ದಾಟಿದ್ದರೆ ಬಣ್ಣದ ಕೆಲಸ ನಿಲ್ಲಿಸಬೇಕು, ಇಬ್ಬನಿ ಕಟ್ಟುವ ಉಷ್ಣತೆಗಿಂತ ಲೋಹ ಕನಿಷ್ಠ 3 ಡಿಗ್ರಿಯಾದರೂ ಬೆಚ್ಚಗಿರಬೇಕು ಎಂಬುದು ಕಾರ್ಖಾನೆಗಳಲ್ಲಿ ಪಾಲಿಸುವ ನಿಯಮ. ಮುಂಬಯಿಯ ಜುಲೈ ತಿಂಗಳಲ್ಲಿ ಅದು ಆಗದ ಮಾತು. ಅಕ್ಟೋಬರಿನ ಬಿಸಿಲಿಗೆ ಎಲ್ಲರೂ ಶಾಪ ಹಾಕುತ್ತಾರೆ, ತಗಡಿನ ಕೆಲಸಕ್ಕೆ ಅದೇ ಒಳ್ಳೆಯ ಕಾಲ. ಕೆಲಸ ಮುಗಿದ ಮೇಲೆ ಮಶಿನನ್ನು ಗಟ್ಟಿ ಪ್ಲಾಸ್ಟಿಕ್ ಸ್ಟ್ಯಾಂಡಿನ ಮೇಲೆ ನೆಲದಿಂದ ಎತ್ತರಿಸಿ ಇಡಿ. ಕಬ್ಬಿಣದ ಸ್ಟ್ಯಾಂಡ್ ತಂದರೆ ಮುಂದಿನ ವರ್ಷ ಅದಕ್ಕೂ ಇದೇ ಪತ್ರ ಬರೆಯಬೇಕಾಗುತ್ತದೆ.

ಪ್ರಶ್ನೆ: ಫ್ರಿಜ್ಜಿನ ಬಾಗಿಲಿನ ಕೆಳಅಂಚು, ಹಿಂಬದಿಯಲ್ಲಿ ಕಂಪ್ರೆಸರ್ ಹತ್ತಿರದ ಪೈಪುಗಳು, ಒಳಗಿನ ತಂತಿಯ ಶೆಲ್ಫು ಮೂರೂ ತುಕ್ಕು ಹಿಡಿದಿವೆ. ಭಾನುವಾರ ಕೂತು ಎಮರಿ ಪೇಪರಿನಿಂದ ಉಜ್ಜಬೇಕೆಂದಿದ್ದೇನೆ.
— ಬ್ಯಾಂಕ್ ಉದ್ಯೋಗಿ, ಮಾಟುಂಗಾ

ಉತ್ತರ: ಬಾಗಿಲಿನ ಅಂಚನ್ನು ಉಜ್ಜಿ, ಮೇಲೆ ಹೇಳಿದ ಕ್ರಮದಲ್ಲೇ ಬಣ್ಣ ಹಚ್ಚಿ. ಪೈಪನ್ನು ಮುಟ್ಟಬೇಡಿ. ಅವು ತೆಳು ಕೊಳವೆಗಳು, ತುಕ್ಕು ಈಗಾಗಲೇ ಎಷ್ಟು ಆಳಕ್ಕೆ ಹೋಗಿದೆಯೋ ಹೊರಗಿನಿಂದ ಕಾಣುವುದಿಲ್ಲ. ಎಮರಿ ತಾಗಿ ತೂತಾದರೆ ಗ್ಯಾಸೆಲ್ಲ ಹೊರಗೆ. ಕಂಪ್ರೆಸರಿನ ಮೇಲಿನ ಚೀಟಿ ಓದಿ. ಆರ್600ಎ ಎಂದಿದ್ದರೆ ಒಳಗಿರುವುದು ಐಸೊಬ್ಯುಟೇನ್, ಬೆಂಕಿ ಹೊತ್ತಿಕೊಳ್ಳುವ ಅನಿಲ. ಈಗಿನ ಮನೆ ಫ್ರಿಜ್ಜುಗಳಲ್ಲಿ ಅದೇ ಹೆಚ್ಚು. ಪ್ಲಗ್ ಕಿತ್ತು, ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದು, ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಪೈಪಿನ ಮೇಲೆ ಎಣ್ಣೆಯ ಪಸೆ ಕಂಡರೆ ಅಲ್ಲಿ ಗ್ಯಾಸ್ ಸೋರುತ್ತಿರಬಹುದು, ಕೂಡಲೇ ಫ್ರಿಜ್ ಮೆಕ್ಯಾನಿಕ್ಕನ್ನು ಕರೆಯಿರಿ. ಎಷ್ಟೋ ಫ್ರಿಜ್ಜುಗಳಲ್ಲಿ ಬಿಸಿ ಪೈಪುಗಳು ಪಕ್ಕದ ಗೋಡೆಯ ತಗಡಿನ ಒಳಗೇ ಓಡಾಡುತ್ತವೆ. ಆದ್ದರಿಂದ ಬದಿಗೆ ಸ್ಕ್ರೂ ಹೊಡೆಯುವುದು, ಡ್ರಿಲ್ ಇಡುವುದು ಯಾವತ್ತೂ ಬೇಡ.

ಬಾಗಿಲಿನ ಕೆಳಗೆ ತುಕ್ಕು ಬಂದಿದ್ದು ರಬ್ಬರ್ ಗ್ಯಾಸ್ಕೆಟ್ ಸರಿಯಾಗಿ ಕೂರದೆ ಬೆವರಿದ ನೀರಿನಿಂದ ಎಂದು ನನ್ನ ಊಹೆ. ಒಂದು ನೋಟನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಹಿಡಿತವಿಲ್ಲದೆ ಜಾರಿ ಬಂದರೆ ಗ್ಯಾಸ್ಕೆಟ್ ಬದಲಿಸಿ. ತಂತಿಯ ಶೆಲ್ಫಿಗೆ ಬಣ್ಣ ಬೇಡ, ಅದರ ಮೇಲೆ ನೀವು ತಿನ್ನುವ ವಸ್ತು ಕೂರುತ್ತದೆ. ಹೊಸದು ತನ್ನಿ.

ಪ್ರಶ್ನೆ: ಮನೆಯಲ್ಲೇ ಇಡ್ಲಿ, ದೋಸೆ ಹಿಟ್ಟು ರುಬ್ಬಿ ಅಕ್ಕಪಕ್ಕದವರಿಗೆ ಮಾರುತ್ತೇನೆ. ಗ್ರೈಂಡರಿನ ಸ್ಟೇನ್‌ಲೆಸ್ ಸ್ಟೀಲ್ ಡ್ರಮ್ಮಿನಲ್ಲೂ ಕಂದು ಚುಕ್ಕೆ ಬಂದಿದೆ. ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎಂದು ಅಂಗಡಿಯವನು ಹೇಳಿದ್ದ. ನನಗೆ ಮೋಸವಾಯಿತೇ?
— ಗೃಹೋದ್ಯಮಿ, ಡೊಂಬಿವಲಿ

ಉತ್ತರ: ಅಷ್ಟರಿಂದಲೇ ಮೋಸ ಎನ್ನಲಾಗದು, ಅಕ್ಕ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮೇಲ್ಮೈಯಲ್ಲಿ ಕಾಣದಷ್ಟು ತೆಳುವಾದ ಪೊರೆ ಕಟ್ಟಿಕೊಳ್ಳುತ್ತದೆ, ಗೀರು ಬಿದ್ದರೂ ಮತ್ತೆ ಕಟ್ಟುತ್ತದೆ. ಆ ಪೊರೆಯ ಶತ್ರು ಉಪ್ಪು. ಉಪ್ಪು ಹಾಕಿದ ಹುಳಿಹಿಟ್ಟು ರಾತ್ರಿಯಿಡೀ ಡ್ರಮ್ಮಿನಲ್ಲೇ ಉಳಿದರೆ ಪೊರೆ ಚುಕ್ಕೆಚುಕ್ಕೆಯಾಗಿ ಒಡೆಯುತ್ತದೆ. ರುಬ್ಬಿದ ಕೂಡಲೇ ಹಿಟ್ಟನ್ನು ಬೇರೆ ಪಾತ್ರೆಗೆ ತೆಗೆದು, ಉಪ್ಪನ್ನು ಅಲ್ಲಿಯೇ ಬೆರೆಸಿ.

ಇನ್ನೊಂದು ಕಾರಣ ಕಬ್ಬಿಣದ ನಾರಿನ ಸ್ಕ್ರಬ್ಬರ್. ಅದರ ಚೂರುಗಳು ಸ್ಟೀಲಿನಲ್ಲಿ ಸಿಕ್ಕಿಕೊಂಡು ತಾವು ತುಕ್ಕು ಹಿಡಿಯುತ್ತವೆ, ಹೆಸರು ಕೆಡುವುದು ಡ್ರಮ್ಮಿನದ್ದು. ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಚ್ಚಿ, ಹಸಿರು ನೈಲಾನ್ ಪ್ಯಾಡಿನಿಂದ ಸ್ಟೀಲಿನ ಗೆರೆ ಹೋದ ದಿಕ್ಕಿನಲ್ಲೇ ಉಜ್ಜಿ, ತೊಳೆದು ಒರೆಸಿಡಿ. ಹೋಗದಿದ್ದರೆ ನಿಂಬೆಹುಳಿ ಹಚ್ಚಿ ಕಾಲು ಗಂಟೆ ಬಿಟ್ಟು ತೊಳೆಯಿರಿ. ಬ್ಲೀಚ್ ಬೇಡವೇ ಬೇಡ. ಚುಕ್ಕೆ ಉಗುರಿಗೆ ಕುಳಿಯಾಗಿ ತಗುಲುತ್ತಿದ್ದರೆ, ನಡುವಿನ ಕಂಬದ ಬುಡದಲ್ಲಿ ತುಕ್ಕಿನ ನೀರು ಒಸರುತ್ತಿದ್ದರೆ, ಆ ಭಾಗ ಬದಲಿಸದೆ ಹಿಟ್ಟು ಮಾರಬೇಡಿ. ಹಿಟ್ಟು ತಾಗುವ ಯಾವ ಭಾಗಕ್ಕೂ ಬಣ್ಣವಿಲ್ಲ, ಪುಟ್ಟಿಯಿಲ್ಲ, ಕನ್ವರ್ಟರ್ ಇಲ್ಲ. ಹೊರಗಿನ ಕಬ್ಬಿಣದ ಪೀಠಕ್ಕೆ ಬೇಕಾದರೆ ಮಾಡಿ.

ಪ್ರಶ್ನೆ: ಆರನೇ ಮಹಡಿಯಲ್ಲಿ ಕಿಟಕಿಯ ಹೊರಗಿರುವ ಏಸಿ ಯೂನಿಟ್ಟಿನ ಬ್ರಾಕೆಟ್ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿದೆ. ಕೈ ಚಾಚಿ ಬಣ್ಣ ಹಚ್ಚಬಹುದೇ?
— ಓದುಗ, ಮೀರಾರೋಡ್

ಉತ್ತರ: ಬೇಡ. ಪದರ ಏಳುವ ಹಂತಕ್ಕೆ ಬಂದ ಬ್ರಾಕೆಟ್ಟಿಗೆ ಬಣ್ಣ ಹಚ್ಚಿದರೆ ಅಪಾಯ ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ. ಕೆಳಗೆ ಮಕ್ಕಳು ಓಡಾಡುತ್ತಾರೆ. ಸೇಫ್ಟಿ ಬೆಲ್ಟ್ ಹಾಕಿಕೊಂಡು ಕೆಲಸ ಮಾಡುವವರನ್ನು ಕರೆಸಿ, ಬ್ರಾಕೆಟ್ಟನ್ನೂ ಗೋಡೆಯ ಬೋಲ್ಟುಗಳನ್ನೂ ಒಟ್ಟಿಗೆ ಬದಲಿಸಿ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಬ್ರಾಕೆಟ್ ಕೇಳಿ. ಗೀರು ಬಿದ್ದರೂ ಅಕ್ಕಪಕ್ಕದ ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ನಟ್ಟು ಬೋಲ್ಟು ಕೂಡ ಅಂಥದ್ದೇ ಇರಲಿ. ಈ ವಾರವೇ ಮಾಡಿಸಿ.

ಪ್ರಶ್ನೆ: ಗೀಸರಿನಿಂದ ಕೆಂಪು ನೀರು ಬರುತ್ತಿದೆ. ತಣ್ಣೀರು ಶುಭ್ರವಾಗಿದೆ.
— ನಿವೃತ್ತ ಶಿಕ್ಷಕಿ, ಚೆಂಬೂರು

ಉತ್ತರ: ಹಾಗಾದರೆ ತುಕ್ಕು ಗೀಸರಿನ ಒಳಗೇ ಇದೆ. ಟ್ಯಾಂಕಿನೊಳಗೆ ಮೆಗ್ನೀಸಿಯಂ ಸರಳೊಂದು ಇರುತ್ತದೆ, ಆ್ಯನೋಡ್ ರಾಡ್ ಎನ್ನುತ್ತಾರೆ. ಟ್ಯಾಂಕಿನ ಬದಲು ತಾನು ಕರಗುವುದೇ ಅದರ ಕೆಲಸ. ಅದು ಮುಗಿದ ಮೇಲೆ ನೀರು ಟ್ಯಾಂಕಿನ ಉಕ್ಕಿಗೆ ಕೈ ಹಾಕುತ್ತದೆ. ಸರ್ವೀಸಿನವರಿಂದ ರಾಡ್ ತೆಗೆಸಿ ನೋಡಿ, ತಂತಿಯಷ್ಟೇ ಉಳಿದಿದ್ದರೆ ಬದಲಿಸಿ. ಟ್ಯಾಂಕೇ ಹನಿಯುತ್ತಿದ್ದರೆ ರಿಪೇರಿ ಮಾಡಿಸಬೇಡಿ, ಹೊಸ ಗೀಸರ್ ಕೊಳ್ಳಿ.

ಪ್ರಶ್ನೆ: ನಾನು ಎಲ್ಲ ತುಕ್ಕಿಗೂ ಡಬ್ಲ್ಯೂಡಿ-40 ಹೊಡೆಯುತ್ತೇನೆ. ಸರಿಯೇ?
— ವಿದ್ಯಾರ್ಥಿ, ಪುಣೆ

ಉತ್ತರ: ಅದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ, ಲೋಹದಿಂದ ನೀರನ್ನು ದೂರ ಸರಿಸಲೆಂದು ತಯಾರಾದ ದ್ರವ. ನಲವತ್ತನೇ ಪ್ರಯತ್ನಕ್ಕೆ ಫಲಿಸಿತೆಂದು ಆ ಸಂಖ್ಯೆ. ಹಿಡಿದುಕೊಂಡ ಸ್ಕ್ರೂ ಬಿಚ್ಚಲು, ಒದ್ದೆಯಾದ ಹಿಂಜಿಗೆ ಬಹಳ ಒಳ್ಳೆಯದು. ಆದರೆ ಅದರ ಪೊರೆ ತೆಳು, ಮಳೆಗಾಲವಿಡೀ ತಗಡನ್ನು ಕಾಯಲಾರದು. ಹೊಡೆದ ಜಾಗಕ್ಕೆ ಬಣ್ಣ ಹಚ್ಚುವುದಾದರೆ ಥಿನ್ನರಿನಿಂದ ಜಿಡ್ಡು ಪೂರ್ತಿ ಹೋಗುವವರೆಗೆ ಒರೆಸಬೇಕು, ಇಲ್ಲವಾದರೆ ಬಣ್ಣ ಕೂರುವುದಿಲ್ಲ.

ಪ್ರಶ್ನೆ: ಗ್ಯಾಸ್ ಒಲೆಯ ಮೇಲೆ ಪಾತ್ರೆ ಇಡುವ ಕಬ್ಬಿಣದ ಸ್ಟ್ಯಾಂಡುಗಳು ಪೂರ್ತಿ ತುಕ್ಕು. ಹುಣಸೆಹುಳಿ ಹಚ್ಚಿ ಎಂದು ಅತ್ತೆ ಹೇಳುತ್ತಾರೆ, ವಿನೆಗರ್ ಎಂದು ಪಕ್ಕದ ಮನೆಯವರು. ಬಣ್ಣ ಹೊಡೆಯಲೇ?
— ಓದುಗರು, ವಾಸ್ಕೋ, ಗೋವಾ

ಉತ್ತರ: ಇಬ್ಬರ ಮಾತೂ ಸರಿ, ಎರಡೂ ಹುಳಿಗಳು ತುಕ್ಕನ್ನು ಕರಗಿಸುತ್ತವೆ. ಸ್ಟ್ಯಾಂಡು ಮುಳುಗುವಷ್ಟು ಬಿಳಿ ವಿನೆಗರ್ ಸುಲಭ. ಪ್ಲಾಸ್ಟಿಕ್ ಟಬ್ಬಿನಲ್ಲಿ ನೆನೆಹಾಕಿ, ಮೇಲೆ ಬಿಗಿಯಾಗಿ ಮುಚ್ಚಬೇಡಿ, ಸಣ್ಣಗೆ ಹೈಡ್ರೋಜನ್ ಗುಳ್ಳೆ ಏಳುತ್ತಿರುತ್ತದೆ. ಅಲ್ಯುಮಿನಿಯಂ ಪಾತ್ರೆ, ಸತುವಿನ ಬಕೆಟ್ ಬೇಡ, ಹುಳಿ ಅವನ್ನೂ ತಿನ್ನುತ್ತದೆ. ಗಂಟೆಗೊಮ್ಮೆ ತೆಗೆದು ವೈರ್ ಬ್ರಷ್‌ನಿಂದ ಉಜ್ಜಿ ನೋಡಿ, ಬೂದು ಲೋಹ ಕಂಡಾಗ ನಿಲ್ಲಿಸಿ. ನಿಮ್ಮ ಸ್ಟ್ಯಾಂಡಿಗೆ ಗಾಜಿನಂತೆ ಹೊಳೆಯುವ ಎನಾಮೆಲ್ ಇದ್ದರೆ ಹುಳಿಯಲ್ಲಿ ನೆನೆಸಬೇಡಿ, ಹೊಳಪು ಹೋಗುತ್ತದೆ.

ಹುಳಿಯಿಂದ ತೆಗೆದ ಕಬ್ಬಿಣ ಹಾಗೇ ಬಿಟ್ಟರೆ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ. ಸೋಡಾ ಕಲಸಿದ ನೀರಿನಲ್ಲಿ ಅದ್ದಿ, ತೊಳೆದು, ತಕ್ಷಣ ಒರೆಸಿ ಸಣ್ಣ ಉರಿಯ ಮೇಲಿಟ್ಟು ಒಣಗಿಸಿ. ಬಿಸಿ ಇರುವಾಗಲೇ ಉರಿಯಿಂದ ದೂರದ ಗಾಳಿಯಾಡುವ ಕಡೆ ಇಟ್ಟು, ಬಟ್ಟೆಯ ತುಂಡಿನಿಂದ ಶೇಂಗಾ ಎಣ್ಣೆಯನ್ನು ತೀರಾ ತೆಳ್ಳಗೆ ಸವರಿ, ಹೊಗೆ ನಿಲ್ಲುವವರೆಗೆ ಮತ್ತೆ ಉರಿಗೆ ಹಿಡಿಯಿರಿ. ದೋಸೆ ಕಾವಲಿಯನ್ನು ಪಳಗಿಸುವ ಕ್ರಮವೇ ಇದು, ನಿಮ್ಮ ಅತ್ತೆಯವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಸಾದಾ ಬಣ್ಣ ಬೇಡ, ಉರಿಗೆ ಸುಟ್ಟು ಹೊಗೆ ಅಡುಗೆಗೆ ಸೇರುತ್ತದೆ. ಸಾರು ಉಕ್ಕಿದ ದಿನ ಒಲೆ ತಣಿದ ಕೂಡಲೇ ಸ್ಟ್ಯಾಂಡ್ ಎತ್ತಿ ಅಡಿಯನ್ನೂ ಒರೆಸಿ.